ಹೇಮಾವತಿಯ ದಂಡೆಯಲ್ಲಿ ಇಂಗ್ಲಿಷ್ ನಗೆ

ಶ್ರಾವಣದ ಜಡಿಮಳೆ ಹಿಡಿದಿದ್ದ ಒಂದು ಮಧ್ಯಾಹ್ನ, ಸಕಲೇಶಪುರ ಮತ್ತು ಆಲೂರು ಸೀಮೆಯ ವಿದ್ಯಾರ್ಥಿಗಳೇ ಹೆಚ್ಚಾಗಿದ್ದ ತರಗತಿಯೊಂದರಲ್ಲಿ ನಾವು ಇಂಗ್ಲಿಷ್ ಹಾಸ್ಯಕಥೆಗಳ ಸಂಕಲನವೊಂದನ್ನು ತೆರೆದು, ಸಾಕಿ ಎಂಬ ಕಾವ್ಯನಾಮದಿಂದ ಪ್ರಸಿದ್ಧನಾದ ಲೇಖಕನ 'ದಿ ಓಪನ್ ವಿಂಡೊ' ಎಂಬ ಕಥೆಯನ್ನು ಓದಿದೆವು. ಕಥೆ ಮುಗಿಯಿತು, ಯಾರೂ ನಗಲಿಲ್ಲ. ಇದರಲ್ಲಿ ನಗತಕ್ಕದ್ದು ಎಲ್ಲಿದೆಯೆಂಬುದನ್ನು ನಾವು ಸಾವಧಾನವಾಗಿ ವಿವರಿಸಿದೆವು. ವಿವರಿಸಿದ ಹಾಸ್ಯವು ಆರಿದ ಕಾಫಿಯಂತೆ. ಕುಡಿದವರ ಮುಖವನ್ನು ನೋಡಿದರೇ ತಿಳಿಯುತ್ತದೆ. ವಿನಯವಂತರಾದ ಇಬ್ಬರು ಮಾತ್ರ ನಮ್ಮ ಸಮಾಧಾನಕ್ಕಾಗಿ ಸ್ವಲ್ಪ ನಕ್ಕರು.

ಇಪ್ಪತ್ತು ವರ್ಷಗಳ ಹಿಂದೆ ಇದೇ ಕಥೆಯನ್ನು ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕವರು ನಾವು. ಹಾಗಾದರೆ ಆ ನಗೆಯನ್ನು ನಾವು ಕಲಿತದ್ದು ಎಲ್ಲಿ? ಅದು ಈ ಬೆಟ್ಟಗಳಿಗೆ ಯಾವ ದಾರಿಯಿಂದ ಬಂದಿತು? ಬಂದಾಗ ಅದು ಯಾರನ್ನು ನೋಡಿ ನಗುತ್ತಿತ್ತು? ಈ ಪ್ರಶ್ನೆಗಳು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಇಂಗ್ಲಿಷ್ ಓದಿ ಇಂಗ್ಲಿಷನ್ನೇ ಬೋಧಿಸಿ ಜೀವಿಸುವವರು ಎಂದಾದರೂ ಲೆಕ್ಕ ಒಪ್ಪಿಸಬೇಕಾದ ಪ್ರಶ್ನೆಗಳಿವು.

ಈ ಬೆಟ್ಟಗಳಿಗೆ ಮೊದಲು ಬಂದ ಇಂಗ್ಲಿಷರು ನಗಲು ಬಂದವರಲ್ಲ. ಸಕಲೇಶಪುರದ ಸೀಮೆಗೆ ಪೂರ್ವದಲ್ಲಿ ಬಲ ಎಂಬ ಹೆಸರಿತ್ತು. ಐಗೂರಿನ ಪಾಳೆಯಗಾರರು ಅದನ್ನು ಆಳುತ್ತಿದ್ದರು. ೧೭೯೨ರಲ್ಲಿ ಟಿಪ್ಪು ಸುಲ್ತಾನನು ಘಟ್ಟದ ದಾರಿಯನ್ನು ಕಾಯುವಂತೆ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯನ್ನು ಕಟ್ಟಿಸಿದನು. ಮಂಜು ಮುಸುಕಿದ ಆ ಗುಡ್ಡವನ್ನು ನೋಡಿ ಆತನೇ ಮಂಜರಾಬಾದ್ ಎಂದು ಹೆಸರಿಟ್ಟನೆಂದು ಜನ ಹೇಳುತ್ತಾರೆ. ಶ್ರೀರಂಗಪಟ್ಟಣ ಬಿದ್ದ ಮೇಲೂ ಬಲದ ನಾಯಕನು ತಲೆಬಾಗದಿದ್ದುದರಿಂದ, ೧೮೦೨ರಲ್ಲಿ ಆರ್ಥರ್ ವೆಲ್ಲೆಸ್ಲಿಯು ದಂಡೆತ್ತಿ ಬಂದು ಅರಕೆರೆಯ ನೆಲೆಯನ್ನು ಮುರಿದು ನಾಯಕನನ್ನು ಗಲ್ಲಿಗೇರಿಸಿದನು. ಮುಂದೆ ವಾಟರ್ಲೂ ಕದನದಿಂದ ಜಗದ್ವಿಖ್ಯಾತನಾದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಈತನೇ. ತರುವಾಯ ೧೮೪೩ರಲ್ಲಿ ಫ್ರೆಡರಿಕ್ ಗ್ರೀನ್ ಎಂಬವನು ಮಂಜರಾಬಾದಿನ ದಕ್ಷಿಣ ಭಾಗದಲ್ಲಿ ಕಾಫಿಯನ್ನು ಹಾಕಿದನು. ಕತ್ತಿಯ ಹಿಂದೆ ಕಾಫಿ ಬಂದಿತು. ಕಾಫಿಯ ಹಿಂದೆ ಪುಸ್ತಕ ಬಂದಿತು.

ಪುಸ್ತಕವನ್ನು ಓದಿದವರು ಅನೇಕರಿದ್ದಿರಬೇಕು. ಬರೆದವರಲ್ಲಿ ಮುಖ್ಯನು ರಾಬರ್ಟ್ ಹೆನ್ರಿ ಎಲಿಯಟ್. ಸ್ಕಾಟ್ಲೆಂಡಿನವನಾದ ಈತನು ೧೮೫೫ರಲ್ಲಿ, ಇನ್ನೂ ಮೀಸೆ ಚಿಗುರುವ ಪ್ರಾಯದಲ್ಲಿ, ಮೈಸೂರು ಸಂಸ್ಥಾನಕ್ಕೆ ಬಂದು ಮಂಜರಾಬಾದಿನಲ್ಲಿ ತೋಟ ಮಾಡಿದನು. ೧೮೭೧ರಲ್ಲಿ ಎರಡು ಸಂಪುಟಗಳಲ್ಲಿ 'ಮೈಸೂರಿನ ಕಾಡುಗಳಲ್ಲಿ ತೋಟಗಾರನೊಬ್ಬನ ಅನುಭವಗಳು' ಎಂಬರ್ಥದ ಗ್ರಂಥವನ್ನೂ, ೧೮೯೪ರಲ್ಲಿ ಚಿನ್ನ, ಬೇಟೆ, ಕಾಫಿ ಈ ಮೂರನ್ನೂ ಹೆಸರಿನಲ್ಲಿಯೇ ಹೊತ್ತ ಇನ್ನೊಂದು ಗ್ರಂಥವನ್ನೂ ಪ್ರಕಟಿಸಿದನು. ನೆರಳು ಮರ, ಗೊಬ್ಬರ, ಹುಲಿ, ಕಾಟಿ, ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಇವೆಲ್ಲಕ್ಕೂ ಅದರಲ್ಲಿ ಸ್ಥಳವುಂಟು. ಆತನು ಒಣಜಂಭದ ದೊರೆಯಾಗಿರಲಿಲ್ಲ. ಮಂಜರಾಬಾದಿನ ರೈತರನ್ನು ಮನಸಾರೆ ಮೆಚ್ಚಿಕೊಂಡವನು; ನೆರೆಹೊರೆಯವರೊಡನೆ ಕೂಡಿ ಬೇಟೆಯಾಡಿದವನು; ತನ್ನನ್ನು ತಾನು ಸ್ವಲ್ಪ ಹಾಸ್ಯ ಮಾಡಿಕೊಳ್ಳಬಲ್ಲವನು. ಹುಲಿಯ ಅಧ್ಯಾಯವನ್ನು ಓದುವವರು ಆ ತಣ್ಣನೆಯ, ತುಟಿ ಬಿಚ್ಚದ ಸ್ಕಾಟಿಷ್ ವಿನೋದವನ್ನು ಕಾಣದೆ ಇರಲಾರರು.

ಆದರೆ ಅದೇ ಲೇಖಕನು ಜಾತಿಪದ್ಧತಿಯನ್ನು ಸಮರ್ಥಿಸಿ ಪುಟಗಟ್ಟಲೆ ಬರೆದನೆಂಬುದನ್ನು ಮರೆಯಲಾಗದು. ಜಾತಿಯ ಕಟ್ಟು ಹಳ್ಳಿಗರನ್ನು ಕುಡಿತದಿಂದಲೂ ದುರ್ನಡತೆಯಿಂದಲೂ ಕಾಪಾಡುತ್ತದೆಂಬುದು ಆತನ ವಾದ. ಪಾದ್ರಿಗಳೊಡನೆ ಈ ವಿಷಯದಲ್ಲಿ ಆತನಿಗೆ ಸರಿಬೀಳಲಿಲ್ಲ. ಪ್ರಾಮಾಣಿಕವಾಗಿಯೇ ಹಾಗೆ ನಂಬಿದ್ದನೆಂದು ನಾವು ಒಪ್ಪುತ್ತೇವೆ; ಆದರೂ ಪ್ರತಿಯೊಬ್ಬನೂ ತನ್ನ ತನ್ನ ಸ್ಥಾನದಲ್ಲಿದ್ದರೆ ತೋಟದ ಕೆಲಸ ಸುಗಮವಾಗಿ ನಡೆಯುವುದೆಂಬ ಅನುಕೂಲವು ಆ ನಂಬಿಕೆಯ ಬುಡದಲ್ಲಿ ಇದ್ದೇ ಇತ್ತು. ಆತನ ಹಾಸ್ಯದ ಪ್ರಸನ್ನತೆಯೂ ಅಂಥದೇ. ಯಜಮಾನನು ಸುಖವಾಗಿ ಕುಳಿತು ಹೇಳುವ ಹಾಸ್ಯವದು. ಅದರಲ್ಲಿ ದ್ವೇಷವಿಲ್ಲ. ಆಳು ಅದಕ್ಕೆ ಉತ್ತರ ಕೊಡಬಹುದೆಂಬ ನಿರೀಕ್ಷೆಯೂ ಇಲ್ಲ.

ಇಂಗ್ಲಿಷ್ ಹಾಸ್ಯಕಥೆ ಎಂದು ಇಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದು ಬೆಳೆದದ್ದು ಸರಿಯಾಗಿ ಎಲಿಯಟ್ಟನ ಈ ಎರಡು ಗ್ರಂಥಗಳ ನಡುವಣ ಕಾಲದಲ್ಲಿ ಮತ್ತು ಅದರ ಬೆನ್ನಿಗೆ. ರೈಲು ಬಂದಿತು; ರೈಲಿನಲ್ಲಿ ಓದಿ ಮುಗಿಸಬಹುದಾದಷ್ಟು ಉದ್ದದ ಕಥೆ ಬೇಕಾಯಿತು. ೧೮೮೮ರಲ್ಲಿ ಅಲಹಾಬಾದಿನ ವೀಲರ್ ಕಂಪೆನಿಯವರು ಕಿಪ್ಲಿಂಗನ ಕಥೆಗಳನ್ನು ತಲಾ ಒಂದು ರೂಪಾಯಿಯ ಪುಸ್ತಕಗಳಾಗಿ ನಿಲ್ದಾಣಗಳಲ್ಲಿ ಮಾರಿದರು. ೧೮೮೯ರಲ್ಲಿ ಜೆರೋಮನ ದೋಣಿಯ ಕಥೆ ಹೊರಟಿತು. ೧೮೯೧ರಲ್ಲಿ ಜಾರ್ಜ್ ನ್ಯೂನ್ಸನ 'ಸ್ಟ್ರ್ಯಾಂಡ್' ಮಾಸಪತ್ರಿಕೆ ಹುಟ್ಟಿತು. ಲಂಡನ್ನಿನ ಹಡಗುಕಟ್ಟೆಯ ಜನರನ್ನು ಚಿತ್ರಿಸಿದ ಜೇಕಬ್ಸನ ಮೊದಲ ಸಂಕಲನ ೧೮೯೬ರದು. ಸಾಕಿಯ ಕಥೆಗಳು ಮೊದಲನೆಯ ಮಹಾಯುದ್ಧಕ್ಕೆ ಮುಂಚಿನವು. ವುಡ್‌ಹೌಸನ ಜೀವ್ಸ್ ಪುಸ್ತಕರೂಪದಲ್ಲಿ ಮೆರೆದದ್ದು ೧೯೧೯ರಿಂದೀಚೆಗೆ. ೧೯೩೪ರಲ್ಲಿ ಅದೇ ವುಡ್‌ಹೌಸನು 'ಎ ಸೆಂಚುರಿ ಆಫ್ ಹ್ಯೂಮರ್' ಎಂಬ ದಪ್ಪನೆಯ ಸಂಕಲನವನ್ನು ಸಂಪಾದಿಸಿಕೊಟ್ಟನು. ಅಂಥ ಸಂಕಲನಗಳ ಮೊಮ್ಮಕ್ಕಳೇ ಇಂದಿನ ನಮ್ಮ ಪಠ್ಯಪುಸ್ತಕಗಳು.

ಈ ಲೇಖಕರ ಜೀವನಚರಿತ್ರೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಚಿತ್ರವು ಕಣ್ಣಿಗೆ ಬೀಳುತ್ತದೆ. ಕಿಪ್ಲಿಂಗನು ಹುಟ್ಟಿದ್ದು ೧೮೬೫ರಲ್ಲಿ ಮುಂಬಯಿಯಲ್ಲಿ. ಆರು ವರ್ಷ ತುಂಬುವ ಮೊದಲೇ ಆತನನ್ನು ಇಂಗ್ಲೆಂಡಿನ ಸೌತ್‌ಸೀ ಎಂಬಲ್ಲಿ ಅಪರಿಚಿತರ ಮನೆಯಲ್ಲಿ ಬಿಟ್ಟು ತಂದೆತಾಯಿಗಳು ಹಿಂತಿರುಗಿದರು. ಸಾಕಿ, ಎಂದರೆ ಹೆಕ್ಟರ್ ಹ್ಯೂ ಮನ್ರೊ, ೧೮೭೦ರಲ್ಲಿ ಬರ್ಮಾದ ಅಕ್ಯಾಬಿನಲ್ಲಿ ಹುಟ್ಟಿದವನು. ತಂದೆ ಅಲ್ಲಿ ಪೊಲೀಸು ಅಧಿಕಾರಿ. ತಾಯಿ ತೀರಿಕೊಂಡ ಮೇಲೆ ಮಕ್ಕಳನ್ನು ಡೆವನ್ ಪ್ರಾಂತದಲ್ಲಿ ತಂದೆಯ ಇಬ್ಬರು ಅಕ್ಕತಂಗಿಯರು ಸಾಕಿದರು. ಆ ಸಾಕಣೆಯಲ್ಲಿ ಶಿಸ್ತು ಹೆಚ್ಚು, ಪ್ರೀತಿ ಕಡಮೆ. ವುಡ್‌ಹೌಸನ ತಂದೆ ಹಾಂಕಾಂಗಿನಲ್ಲಿ ಮ್ಯಾಜಿಸ್ಟ್ರೇಟನು. ಮಗನು ಎರಡು ವರ್ಷದ ಕೂಸಾಗಿದ್ದಾಗಿನಿಂದ ಇಂಗ್ಲೆಂಡಿನಲ್ಲಿ ದಾದಿಯರ, ಶಾಲೆಗಳ ಮತ್ತು ಒಬ್ಬರಾದ ಮೇಲೊಬ್ಬರಂತೆ ಬಂಧುಸ್ತ್ರೀಯರ ಕೈಯಲ್ಲಿ ಬೆಳೆದನು. ಸಾಮ್ರಾಜ್ಯವನ್ನು ಆಳಲು ಹೋದವರು ತಮ್ಮ ಮಕ್ಕಳನ್ನು ಮನೆಗೆ ಕಳುಹಿಸಿಕೊಟ್ಟರು. ಆ ಮಕ್ಕಳು ಮನೆಯೆಂಬುದರಲ್ಲಿ ಕಂಡದ್ದು 'ಆಂಟ್' ಎಂಬ ಅಧಿಕಾರಿಯನ್ನು. ಇಂಗ್ಲಿಷ್ ಹಾಸ್ಯಕಥೆಗಳಲ್ಲಿ ಇಷ್ಟೊಂದು ಮಂದಿ ಭಯಂಕರ ಆಂಟುಗಳು ಏಕಿದ್ದಾರೆಂದು ವಿದ್ಯಾರ್ಥಿಗಳು ಕೇಳುವುದುಂಟು. ಅದಕ್ಕೆ ಉತ್ತರವನ್ನು ಅಕ್ಯಾಬಿನಲ್ಲಿಯೂ ಹಾಂಕಾಂಗಿನಲ್ಲಿಯೂ ಹುಡುಕಬೇಕು. ಮಂಜರಾಬಾದಿನಂಥ ಸಾವಿರ ಬಂಗಲೆಗಳು ಇದ್ದುದರಿಂದಲೇ ಡೆವನ್ನಿನಂಥ ಊರುಗಳಲ್ಲಿ ತಾಯಿಯಿಲ್ಲದ ಮನೆಗಳಿದ್ದವು. ಸಾಕಿಯ ಕಥೆಗಳಲ್ಲಿ ಮಕ್ಕಳು ದೊಡ್ಡವರ ಮೇಲೆ ತೀರಿಸಿಕೊಳ್ಳುವ ಸೇಡು ನಮ್ಮನ್ನು ನಗಿಸುತ್ತದೆ. ಅದರ ಹಿಂದಿನ ಮಗು ಎಷ್ಟು ರಾತ್ರಿಗಳನ್ನು ಒಂಟಿಯಾಗಿ ಕಳೆದಿತ್ತೆಂದು ತಿಳಿದ ಮೇಲೆ ನಗೆಯ ಸ್ವರವು ಸ್ವಲ್ಪ ಇಳಿಯುತ್ತದೆ. ಆತನು ೧೯೧೬ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಸಾಮಾನ್ಯ ಸೈನಿಕರ ನಡುವೆ ಗುಂಡಿಗೆ ಬಲಿಯಾದನು.

ಈ 'ಆಂಟ್' ಎಂಬ ಪದವನ್ನು ಕನ್ನಡಿಸುವುದು ಪಾಠ ಹೇಳುವವರಿಗೆ ಒಂದು ಪರೀಕ್ಷೆ. ದೊಡ್ಡಮ್ಮನೆನ್ನೋಣವೆ, ಚಿಕ್ಕಮ್ಮನೆನ್ನೋಣವೆ, ಅತ್ತೆಯೆನ್ನೋಣವೆ? ಸಾಕಿಯ ವಿಷಯದಲ್ಲಿ ಸೋದರತ್ತೆ ಎನ್ನುವುದೇ ಸರಿ. ಆದರೆ ಸೋದರತ್ತೆಯೆಂದ ಒಡನೆಯೇ ನಮ್ಮ ಹುಡುಗರ ಕಣ್ಣಮುಂದೆ ಬರುವವಳು ಹಬ್ಬಕ್ಕೆ ತವರಿಗೆ ಬಂದು, ಅಣ್ಣನ ಮಕ್ಕಳಿಗೆ ಸೆರಗಿನಲ್ಲಿ ಕಡುಬು ಕಟ್ಟಿಕೊಂಡು ಬರುವ ಹೆಂಗಸು. ಅವಳನ್ನು ಕಂಡರೆ ಹೆದರುವುದೇತಕ್ಕೆ? ಒಂದು ಪದ ಇತ್ತ ದಾಟುವುದರೊಳಗೆ ಕಥೆಯ ಅರ್ಧ ಹಾಸ್ಯವು ಹೊಳೆಪಾಲಾಗುತ್ತದೆ.

'ಬಟ್ಲರ್' ಎಂಬ ಪದದ ಗತಿ ಇದಕ್ಕೆ ತಿರುಗುಮುರುಗು. ಅದು ಮಂಜರಾಬಾದಿನ ಬಂಗಲೆಗಳಲ್ಲಿ ಮನೆಮಾತಾಗಿ ಹೋಗಿತ್ತು. ದೊರೆ, ರೈಟರು, ಮೇಸ್ತ್ರಿ, ಬಟ್ಲರು ಎಂಬ ನಾಲ್ಕು ಮೆಟ್ಟಿಲುಗಳನ್ನು ತೋಟದ ಸೀಮೆಯ ಮುದುಕರು ಬಲ್ಲರು. ಮದರಾಸು ಕಡೆಯ ಸೇವಕರು ದೊರೆಗಳೊಡನೆ ಆಡುತ್ತಿದ್ದ ಮುರುಕು ಭಾಷೆಗೆ ಆಂಗ್ಲೇಯರು 'ಬಟ್ಲರ್ ಇಂಗ್ಲಿಷ್' ಎಂದು ಹೆಸರಿಟ್ಟು, ಕ್ಲಬ್ಬಿನಲ್ಲಿ ಕುಳಿತು ನಗುತ್ತಿದ್ದರು. ಅದೇ ಜನ ಊರಿಂದ ಬಂದ ಹೊಸ ಪುಸ್ತಕವನ್ನು ತೆರೆದರೆ ಜೀವ್ಸ್ ಎಂಬ ಸೇವಕನು ಮನೆಯಲ್ಲೆಲ್ಲ ಅತ್ಯುತ್ತಮವಾದ ಇಂಗ್ಲಿಷನ್ನು ಆಡುತ್ತಾನೆ, ಒಡೆಯನೇ ಪೆದ್ದ! ಅದನ್ನೋದಿಯೂ ಅವರು ನಕ್ಕರು. ಪುಸ್ತಕದಲ್ಲಿ ಸೇವಕನು ಒಡೆಯನಿಗಿಂತ ಜಾಣನಾಗಬಹುದು, ಬಂಗಲೆಯಲ್ಲಿ ಆಗಕೂಡದು. ನಮ್ಮವರಿಗೆ ಜೀವ್ಸ್ ಹೊಸಬನೇನೂ ಆಗಿರಲಿಲ್ಲ. ರಾಜನ ತಪ್ಪನ್ನು ರಾಜನಿಗೇ ತೋರಿಸಿ ಬಹುಮಾನ ಪಡೆಯುವ ವಿದೂಷಕನನ್ನೂ ತೆನಾಲಿ ರಾಮಕೃಷ್ಣನನ್ನೂ ಬಲ್ಲ ಜನರಿಗೆ ಆತನು ಕೋಟು ತೊಟ್ಟು ಬಂದ ನೆಂಟನಂತೆ ಕಂಡನು. ವುಡ್‌ಹೌಸನನ್ನು ಭಾರತೀಯರು ಇಷ್ಟು ಸಲೀಸಾಗಿ ಮೆಚ್ಚಿಕೊಂಡದ್ದಕ್ಕೆ ಇದೂ ಒಂದು ಕಾರಣವಿರಬಹುದೆಂದು ನಮ್ಮ ಊಹೆ.

ಈಗ ತೆರೆದ ಕಿಟಕಿಯ ಕಥೆಗೆ ಬರೋಣ. ನರಗಳ ದೌರ್ಬಲ್ಯಕ್ಕಾಗಿ ಹಳ್ಳಿಗೆ ವಿಶ್ರಾಂತಿಗೆ ಬಂದ ಒಬ್ಬಾತನು ಗುರುತಿಲ್ಲದ ಮನೆಗೆ ಭೇಟಿಗೆ ಹೋಗುತ್ತಾನೆ. ಮನೆಯಾಕೆ ಬರುವವರೆಗೆ ಹದಿನೈದು ವರ್ಷದ ಹುಡುಗಿಯೊಬ್ಬಳು ಅವನೊಡನೆ ಮಾತನಾಡುತ್ತಾಳೆ. ಮೂರು ವರ್ಷಗಳ ಹಿಂದೆ ಇದೇ ದಿನ ಮನೆಯ ಗಂಡಸರು ಈ ಕಿಟಕಿಯಿಂದ ಬೇಟೆಗೆ ಹೋದವರು ಕೆಸರುಭೂಮಿಯಲ್ಲಿ ಹೂತು ಸತ್ತರು. ಅತ್ತೆ ಮಾತ್ರ ಅವರು ಹಿಂತಿರುಗುವರೆಂದು ಇನ್ನೂ ಕಿಟಕಿ ತೆರೆದಿಟ್ಟು ಕಾಯುತ್ತಾಳೆ ಎಂದು ಆ ಹುಡುಗಿ ಹೇಳುತ್ತಾಳೆ. ಸಂಜೆಗತ್ತಲಲ್ಲಿ ಗಂಡಸರು ನಾಯಿಯೊಡನೆ ನಿಜವಾಗಿಯೂ ಬರುತ್ತಾರೆ. ಅತಿಥಿ ಎದ್ದು ಬಿದ್ದು ಓಡುತ್ತಾನೆ. ಸತ್ತವರು ಯಾರೂ ಇಲ್ಲ. ಎಲ್ಲವೂ ಹುಡುಗಿಯ ಕಲ್ಪನೆ. ಅತಿಥಿ ಏಕೆ ಓಡಿದನೆಂದು ಮನೆಯವರು ಕೇಳಿದರೆ ಅವಳು ಎರಡನೆಯ ಸುಳ್ಳನ್ನು ಹೆಣೆಯುತ್ತಾಳೆ. ಅವನಿಗೆ ನಾಯಿಯೆಂದರೆ ಭಯವಂತೆ. ಗಂಗಾನದಿಯ ದಡದಲ್ಲಿ ಬೀದಿನಾಯಿಗಳು ಅಟ್ಟಿಸಿಕೊಂಡು ಬಂದಾಗ ಹೊಸದಾಗಿ ಅಗೆದ ಗೋರಿಯೊಂದರಲ್ಲಿ ಇಡೀ ರಾತ್ರಿ ಕಳೆದಿದ್ದನಂತೆ.

ನಮ್ಮ ತರಗತಿಯಲ್ಲಿ ಯಾರೂ ನಗಲಿಲ್ಲವೆಂದೆವಷ್ಟೆ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, "ಸರ್, ಗಂಗೆಯ ದಡದಲ್ಲಿ ಹೆಣ ಸುಡುತ್ತಾರಲ್ಲವೇ? ಗೋರಿ ಎಲ್ಲಿಂದ ಬಂತು?" ಎಂದು ಕೇಳಿದಳು. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆ ನಮಗೆ ಹೊಳೆದಿರಲಿಲ್ಲವೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಗಂಗೆಯ ತೀರದ ಊರುಗಳಲ್ಲಿ ಗೋರಿಗಳೂ ಇವೆ, ಇಗರ್ಜಿಯ ಸ್ಮಶಾನಗಳೂ ಇವೆ ಎಂದು ಉತ್ತರ ಹೇಳಿ ತಪ್ಪಿಸಿಕೊಂಡೆವು. ಆದರೆ ಅವಳ ಪ್ರಶ್ನೆಯಲ್ಲಿ ಕಥೆಯ ಬೀಗದ ಕೈ ಇತ್ತು. ಮೊದಲನೆಯ ಸುಳ್ಳಿಗೆ ಹುಡುಗಿಯು ಕೋಣೆಯ ಕಿಟಕಿ, ಅಂಗಿಯ ಬಣ್ಣ, ನಾಯಿಯ ಮೈಬಣ್ಣ ಎಲ್ಲವನ್ನೂ ಎಚ್ಚರದಿಂದ ಜೋಡಿಸಬೇಕಾಯಿತು. ಎರಡನೆಯ ಸುಳ್ಳಿಗೆ ಅಂಥ ಶ್ರಮವೇ ಬೇಡವಾಯಿತು. ಗಂಗಾ ಎಂದರೆ ಸಾಕಾಯಿತು. ಆ ಕೋಣೆಯಲ್ಲಿ ಇಂಡಿಯಾ ದೇಶದ ವಿಷಯದಲ್ಲಿ ಯಾರು ಏನು ಹೇಳಿದರೂ ನಡೆಯುತ್ತಿತ್ತು. ಜೇಕಬ್ಸನ ೧೯೦೨ರ 'ಕೋತಿಯ ಪಂಜ'ದ ಕಥೆಯಲ್ಲಿಯೂ ಹೀಗೆಯೇ: ಒಬ್ಬ ಫಕೀರ, ಒಂದು ಒಣಗಿದ ಪಂಜ, ಇಂಡಿಯಾದಿಂದ ಮರಳಿದ ಒಬ್ಬ ಸಿಪಾಯಿ, ಕಥೆಗೆ ಬೇಕಾದ ಅದ್ಭುತವೆಲ್ಲ ಸಿದ್ಧ. ಈ ಲೇಖಕರು ನಮ್ಮ ದೇಶವನ್ನು ಬೈಯಲಿಲ್ಲ. ನಾಟಕದ ಕಂಪೆನಿಯವರು ಅರಮನೆಯ ಪರದೆಯನ್ನು ಬಳಸುವಂತೆ ಅದನ್ನು ಬಳಸಿದರು, ಅಷ್ಟೆ. ಪರದೆಯ ಮೇಲೆ ಬರೆದ ಜನರು ನಗುತ್ತಾರೆಯೇ, ನಕ್ಕರೆ ಯಾವುದಕ್ಕೆ, ಎಂಬ ಪ್ರಶ್ನೆ ಅಲ್ಲಿ ಹುಟ್ಟುವುದಿಲ್ಲ.

ಆ ಜನ ನಗುತ್ತಲೇ ಇದ್ದರು. ಅದೂ ಇದೇ ನದಿಯ ದಂಡೆಯಲ್ಲಿ.

ಇಂಗ್ಲಿಷಿನಲ್ಲಿಯೇ ನಕ್ಕು ಜಗತ್ತನ್ನು ನಗಿಸಿದ ಆರ್. ಕೆ. ನಾರಾಯಣರ ತಂದೆಯವರು ಮೈಸೂರಿಗೆ ವರ್ಗವಾಗುವ ಮುನ್ನ ಹಾಸನದಲ್ಲಿ ಹೆಡ್‌ಮಾಸ್ತರರಾಗಿದ್ದರು. ಮೈಸೂರಿನ ಶಾಲೆಗೆ ಬರುತ್ತಿದ್ದ 'ಸ್ಟ್ರ್ಯಾಂಡ್' ಮುಂತಾದ ಪತ್ರಿಕೆಗಳನ್ನು ಮನೆಗೆ ತಂದು ಓದಿ, ಜೇಕಬ್ಸ್ ವುಡ್‌ಹೌಸರ ಪರಿಚಯ ಮಾಡಿಕೊಂಡುದನ್ನು ನಾರಾಯಣರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' ಲಂಡನ್ನಿನಲ್ಲಿ ಅಚ್ಚಾದದ್ದು ೧೯೩೫ರಲ್ಲಿ, ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಆರಂಭಿಸಿದ್ದೂ ಅದೇ ವರ್ಷ. ಇದು ಸಂಕಲನದ ಇಂಗ್ಲಿಷಿನಿಂದ ನೇರವಾಗಿ ಬಂದ ಒಂದು ದಾರಿ. ಅದನ್ನು ಎಲ್ಲರೂ ಬಲ್ಲರಾದುದರಿಂದ ಅಲ್ಲಿ ನಿಲ್ಲುವುದಿಲ್ಲ.

ನಾವು ನಿಲ್ಲಬೇಕಾದದ್ದು ಗೋರೂರಿನಲ್ಲಿ. ಹೇಮಾವತಿಯು ಸಕಲೇಶಪುರದ ಸಕಲೇಶ್ವರನ ಗುಡಿಯ ಬಳಿ ಹಾದು, ಆಲೂರು ಸೀಮೆಯನ್ನು ಬಳಸಿಕೊಂಡು ಗೋರೂರಿಗೆ ಇಳಿಯುತ್ತದೆ. ಅಲ್ಲಿ ೧೯೦೪ರಲ್ಲಿ ಹುಟ್ಟಿದ ರಾಮಸ್ವಾಮಿ ಅಯ್ಯಂಗಾರ್ಯರು ಅಸಹಕಾರ ಚಳವಳಿಯ ಕಾಲದಲ್ಲಿ ಶಾಲೆಯನ್ನು ಬಿಟ್ಟು, ಗುಜರಾತಿನ ವಿದ್ಯಾಪೀಠದಲ್ಲಿ ಕಲಿತು, ಖಾದಿಯ ಕೆಲಸಕ್ಕೆ ನಿಂತವರು. ಅವರ 'ಹಳ್ಳಿಯ ಚಿತ್ರಗಳು' ೧೯೩೦ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಲಲಿತಪ್ರಬಂಧವನ್ನು ಓದಿ ನಮ್ಮವರು ಹಾಸ್ಯಪ್ರಬಂಧವನ್ನು ಬರೆದರೆಂದು ನಾವು ಅಧ್ಯಾಪಕರು ತರಗತಿಯಲ್ಲಿ ಹೇಳುವುದು ವಾಡಿಕೆ. ಎ. ಎನ್. ಮೂರ್ತಿರಾಯರ ವಿಷಯದಲ್ಲಿ ಆ ಮಾತು ಬಹುಮಟ್ಟಿಗೆ ನಿಜ. ಅವರು ಇಂಗ್ಲಿಷಿನ ಅಧ್ಯಾಪಕರು, 'ಹಗಲುಗನಸುಗಳು' ಎಂಬ ಪುಸ್ತಕದ ನಡಿಗೆಯಲ್ಲಿ ಆ ಸಾಹಿತ್ಯದ ಸಂಸ್ಕಾರ ಕಾಣುತ್ತದೆ. ಆದರೆ ಗೋರೂರರ ನಗೆಗೆ ತಾಯಿ ಬೇರೆ. ಅದು ಜಗುಲಿಯ ಮೇಲೆ, ಅರಳೀಕಟ್ಟೆಯಲ್ಲಿ, ಹೊಳೆಯ ಸೋಪಾನದಲ್ಲಿ ಹುಟ್ಟಿದ್ದು. ಶಾನುಭೋಗ, ಪಟೇಲ, ದಾಸಯ್ಯ, ಅಗಸ, ಮದುವೆಯ ಮನೆಯ ಅಡಿಗೆಯವನು ಎಲ್ಲರೂ ಅಲ್ಲಿ ನಗೆಗೆ ಗುರಿಯಾಗುತ್ತಾರೆ, ಬರೆದವರೂ ಗುರಿಯಾಗುತ್ತಾರೆ. ಮುಖ್ಯವಾಗಿ, ಅಲ್ಲಿ ನಗಿಸಲ್ಪಟ್ಟವನು ಮರುದಿನ ಬೆಳಿಗ್ಗೆ ಲೇಖಕನಿಗೆ ಎದುರಾಗುತ್ತಾನೆ, ಉತ್ತರ ಕೊಡುತ್ತಾನೆ, ಎಷ್ಟೋ ಸಲ ಮೇಲುಗೈಯನ್ನೂ ಪಡೆಯುತ್ತಾನೆ. ಎಲಿಯಟ್ಟನ ಪುಟಗಳಲ್ಲಿ ಇಲ್ಲದ್ದು ಇದೇ. 'ಬೈಲಹಳ್ಳಿ ಸರ್ವೆ' ಎಂಬ ಹೆಸರನ್ನೇ ನೋಡಬಹುದು. ಸರ್ಕಾರವು ಹಳ್ಳಿಯನ್ನು ಅಳೆಯಲು ಬಂದರೆ, ಹಳ್ಳಿಯು ಅಷ್ಟೇ ಶ್ರದ್ಧೆಯಿಂದ ಸರ್ಕಾರವನ್ನು ಅಳೆಯುತ್ತದೆ.

ಹಾಗೆಂದು ಗೋರೂರರ ಜಗುಲಿಯಿಂದ ಊರೆಲ್ಲ ಸಮನಾಗಿ ಕಾಣುತ್ತಿತ್ತೆಂದು ನಾವು ಹೇಳಲಾರೆವು. ಅದು ಅಗ್ರಹಾರದ ಜಗುಲಿ. ಅಲ್ಲಿಂದ ದೂರದ ಕೇರಿಗಳು ಮಸಕಾಗಿ ಕಾಣುತ್ತವೆ. ಅಲ್ಲಿಯ ಜನ ಬಹಳ ಮಟ್ಟಿಗೆ ಕೆಲಸಕ್ಕೆಂದು ಇತ್ತ ಬಂದಾಗ ಮಾತ್ರ ಚಿತ್ರದೊಳಗೆ ಬರುತ್ತಾರೆ. ಗಾಂಧಿಯವರ ಮಾತನ್ನು ನಂಬಿ ಬದುಕಿದ ಲೇಖಕರಿಗೆ ಈ ದೂರವು ತಿಳಿಯದೆ ಇರಲಿಲ್ಲ. ತಿಳಿದೂ ಅದನ್ನು ಪೂರ್ತಿಯಾಗಿ ದಾಟಲಾಗಲಿಲ್ಲ. ಎಲಿಯಟ್ಟನ ವರಾಂಡವನ್ನು ಟೀಕಿಸಿದವರು ಈ ಜಗುಲಿಯನ್ನು ಬಿಟ್ಟುಬಿಡುವುದು ನ್ಯಾಯವಲ್ಲವಾದುದರಿಂದ ಇಷ್ಟನ್ನು ಹೇಳಬೇಕಾಯಿತು.

೧೯೭೯ರಲ್ಲಿ ಗೋರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಸಿದ್ಧವಾಯಿತು. ಹಿನ್ನೀರು ಆಲೂರು ಸೀಮೆಯ ಕಡೆಗೂ ಚಾಚಿಕೊಂಡು, ಅವರು ಬಣ್ಣಿಸಿದಂಥ ಎಷ್ಟೋ ಹಳ್ಳಿಗಳು ಕಟ್ಟೆ, ಗದ್ದೆ, ಗುಡಿಗಳ ಸಮೇತ ನೀರಿನಡಿಗೆ ಹೋದವು. ಅದೇ ಹೊತ್ತಿಗೆ ಮುಪ್ಪಿನ ಗೋರೂರರು ಅಮೆರಿಕಾ ದೇಶಕ್ಕೆ ಹೋಗಿಬಂದು, ಹಳ್ಳಿಯ ಕಣ್ಣಿನಿಂದಲೇ ಆ ದೇಶವನ್ನು ನೋಡಿ ಬರೆದ 'ಅಮೆರಿಕಾದಲ್ಲಿ ಗೋರೂರು' ಎಂಬ ಪುಸ್ತಕಕ್ಕೆ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನೂರು ವರ್ಷಗಳ ಹಿಂದೆ ಸ್ಕಾಟ್ಲೆಂಡಿನವನೊಬ್ಬನು ಮಂಜರಾಬಾದನ್ನು ನೋಡಿ ಸೋಜಿಗಪಟ್ಟು ನಕ್ಕಿದ್ದನು. ಈಗ ಹೇಮಾವತಿಯ ದಂಡೆಯವರೊಬ್ಬರು ಸಾಗರವನ್ನು ದಾಟಿ ಹೋಗಿ ಸೋಜಿಗಪಟ್ಟು ನಕ್ಕರು.

ಇನ್ನೊಬ್ಬರು ರಾಜಾ ರಾಯರು. ೧೯೦೮ರಲ್ಲಿ ಹಾಸನದಲ್ಲಿ ಹುಟ್ಟಿದವರು. ಅವರ 'ಕಾಂತಾಪುರ' ೧೯೩೮ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆ ಕಾದಂಬರಿಯನ್ನು ಹಾಸ್ಯಗ್ರಂಥವೆಂದು ಯಾರೂ ಕರೆಯರು. ಅದರಲ್ಲಿ ಲಾಠಿಯ ಏಟೂ ಊರು ಸುಟ್ಟು ಬರಿದಾಗುವುದೂ ಇದೆ. ಆದರೂ ನಮ್ಮ ವಿಷಯಕ್ಕೆ ಅದು ಅತ್ಯಂತ ಸಮೀಪವಾದುದು. ಊರನ್ನು ಕಾಯುವ ದೇವತೆ ಕೆಂಚಮ್ಮ. ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಯನ್ನು ಬಲ್ಲವರಿಗೆ ಆ ಹೆಸರನ್ನು ವಿವರಿಸಬೇಕಾಗಿಲ್ಲ. ನದಿ ಹಿಮಾವತಿ. ಕಥೆ ಹೇಳುವವಳು ಒಬ್ಬ ಮುದುಕಿ, ಅಚ್ಚಕ್ಕ. ಊರಿನವರಿಗೆ ಅವಳು ಇಡುವ ಹೆಸರುಗಳನ್ನು ಕೇಳಬೇಕು: ಮೂಲೆಮನೆ ಮೂರ್ತಿ, ನಾಲ್ಕು ತೊಲೆ ಮನೆಯ ಚಂದ್ರಶೇಖರಯ್ಯ, ಮೂಗು ಕೆರೆಯುವ ನಂಜಮ್ಮ, ಬಾಯಿ ತೆರೆದರೆ ಜಲಪಾತದಂತೆ ಸುರಿಯುವ ವೆಂಕಮ್ಮ. ಇಂಗ್ಲಿಷಿನಲ್ಲಿ ಇವು ವಿಚಿತ್ರವಾಗಿ ಕಾಣುತ್ತವೆ. ವಿಮರ್ಶಕರು ಇವುಗಳನ್ನು ಶೈಲಿಯ ಪ್ರಯೋಗವೆಂದರು. ನಮ್ಮ ಆಲೂರಿನ ಹುಡುಗರಿಗೆ ಇದರಲ್ಲಿ ಪ್ರಯೋಗವೇನೂ ಕಾಣುವುದಿಲ್ಲ. ಅವರ ಊರಿನಲ್ಲಿ ಜನರನ್ನು ಕರೆಯುವುದೇ ಹಾಗೆ. ಜೀವ್ಸನಿಗೆ ತುಟಿ ಬಿಚ್ಚದ ತರಗತಿಯು ಮೂಗು ಕೆರೆಯುವ ನಂಜಮ್ಮನ ಹೆಸರಿಗೆ ಗೊಳ್ಳೆಂದು ನಕ್ಕಿತು; ತಮ್ಮ ತಮ್ಮ ಊರಿನ ನಂಜಮ್ಮಂದಿರ ಹೆಸರುಗಳನ್ನು ಒಬ್ಬೊಬ್ಬರಾಗಿ ಹೇಳಲಾರಂಭಿಸಿದ್ದರಿಂದ ಆ ದಿನದ ಪಾಠವು ಮುಂದುವರಿಯಲಿಲ್ಲ.

ಅದೇ ಕಾದಂಬರಿಯಲ್ಲಿ ಸ್ಕೆಫಿಂಗ್ಟನ್ ಕಾಫಿ ತೋಟವಿದೆ. ಗಂಡಾಳಿಗೆ ನಾಲ್ಕಾಣೆ, ಹೆಣ್ಣಾಳಿಗೆ ಎರಡಾಣೆ ಎಂಬ ಮಾತನ್ನು ನಂಬಿ ಘಟ್ಟದ ಕೆಳಗಿನಿಂದ ಕೂಲಿಗಳು ಹಿಂಡುಹಿಂಡಾಗಿ ಹತ್ತಿ ಬರುತ್ತಾರೆ. ಜ್ವರ, ಮಳೆ, ಸಾಲ, ದೊರೆಯ ಚಾವಟಿ, ಬಂದವರು ಹಿಂತಿರುಗುವುದಿಲ್ಲ. ಎಲಿಯಟ್ಟನ ಪುಸ್ತಕದಲ್ಲಿ ಬೆಟ್ಟದ ಮೇಲಿನಿಂದ ಕಂಡ ತೋಟವನ್ನು ಇಲ್ಲಿ ಲೈನುಮನೆಯ ಬಾಗಿಲಿನಿಂದ ಕಾಣುತ್ತೇವೆ. ಆದರೆ ಈ ಮುದುಕಿಗೂ ಕಾಣದ ಒಂದು ಮೂಲೆಯಿದೆ; ಅದನ್ನು ಅವಳ ಬಾಯಿಂದಲೇ ಹೇಳಿಸಿರುವುದು ರಾಜಾ ರಾಯರ ಜಾಣ್ಮೆ. ಊರಿನ ಕೇರಿಗಳನ್ನೆಲ್ಲ ಬಣ್ಣಿಸುತ್ತ ಬಂದವಳು ಹೊಲಗೇರಿಯ ಮಾತು ಬಂದಾಗ, ತಾನು ಅಲ್ಲಿಗೆ ಹೋಗುವವಳಲ್ಲ, ಬೀದಿಯ ಮೂಲೆಯಲ್ಲಿ ನಿಂತು ನೋಡಿದ್ದೇನೆಂದು ನ್ಯಾಯವೇ ಎಂಬಂತೆ ಹೇಳಿಬಿಡುತ್ತಾಳೆ. ಓದುವವರು ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಗೋರೂರರ ಜಗುಲಿಯ ಮಿತಿಯನ್ನು ನಾವು ಹೊರಗಿನಿಂದ ಎತ್ತಿ ತೋರಿಸಬೇಕಾಯಿತು. ಇಲ್ಲಿ ಮಿತಿಯೇ ಕಥೆಯೊಳಗಿನ ಮಾತಾಗಿದೆ.

ಪತ್ರಿಕೆಗಳ ಮಾತನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತೇವೆ. ಲಂಡನ್ನಿನ ಹಾಸ್ಯಪತ್ರಿಕೆ 'ಪಂಚ್' ೧೮೪೧ರಲ್ಲಿ ಹುಟ್ಟಿತು. ಅದರ ಹೆಸರು ಬೀದಿಯ ಗೊಂಬೆಯಾಟದ ಪಾತ್ರದ್ದು. ರಾಶಿಯೆಂದು ಪ್ರಖ್ಯಾತರಾದ ಡಾಕ್ಟರ್ ಎಂ. ಶಿವರಾಂ ಅವರು ೧೯೪೨ರಲ್ಲಿ ಬೆಂಗಳೂರಿನಲ್ಲಿ ಹಾಸ್ಯಪತ್ರಿಕೆಯೊಂದನ್ನು ತೆಗೆದಾಗ ಅವರೂ ಬೀದಿಗೇ ಹೋಗಿ, ಬುಟ್ಟಿ ಹೊತ್ತು ಕಣಿ ಹೇಳುವ ಕೊರವಂಜಿಯ ಹೆಸರನ್ನು ತಂದರು. ನಾರಾಯಣರ ತಮ್ಮಂದಿರಾದ ಲಕ್ಷ್ಮಣರು ಅದಕ್ಕೆ ಚಿತ್ರ ಬರೆದರು.

ನಮ್ಮ ಸಹೋದ್ಯೋಗಿಗಳಲ್ಲಿ ಒಬ್ಬರು, ಇಷ್ಟೆಲ್ಲ ಬಲ್ಲವರು ಇಂಗ್ಲಿಷ್ ಸಂಕಲನವನ್ನು ಏಕಿನ್ನೂ ಕಲಿಸುತ್ತೀರಿ, ಗೋರೂರರನ್ನೇ ಕಲಿಸಿರೆಂದು ವಾದಿಸುತ್ತಾರೆ. ಇನ್ನೊಬ್ಬರು, ನಗೆಯ ಕಥೆಯಲ್ಲಿ ರಾಜಕೀಯವನ್ನು ಕೆದಕುವುದು ಹೋಳಿಗೆಯಲ್ಲಿ ಕಲ್ಲು ಹುಡುಕಿದಂತೆ ಎನ್ನುತ್ತಾರೆ. ಇಬ್ಬರ ಮಾತನ್ನೂ ನಾವು ಪೂರ್ತಿಯಾಗಿ ಒಪ್ಪಲಾರೆವು. ಸಾಕಿಯಂಥ ಕುಶಲಿಯನ್ನು ಬಿಟ್ಟರೆ ನಷ್ಟ ನಮಗೇ. ಎರಡು ಪುಟಗಳಲ್ಲಿ ಒಂದು ಮನೆಯ ಮರ್ಯಾದೆಯನ್ನೆಲ್ಲ ಬುಡಮೇಲು ಮಾಡುವ ಕೈಚಳಕವನ್ನು ಬೇರೆಲ್ಲಿ ನೋಡೋಣ? ಕಲ್ಲಿನ ಮಾತಿಗೆ ಬಂದರೆ, ನಾವು ಹುಡುಕಲಿಲ್ಲ; ಹಿಂದಿನ ಬೆಂಚಿನ ಹುಡುಗಿಯ ಹಲ್ಲಿಗೆ ಅದು ತಾನಾಗಿಯೇ ಸಿಕ್ಕಿತು.

ಮುಂದಿನ ವಾರ ನಾವು ಅದೇ ಕಥೆಯನ್ನು ಮತ್ತೆ ತೆಗೆದುಕೊಂಡೆವು. ಈ ಸಲ 'ಬಾಗ್' ಎಂಬ ಪದಕ್ಕೆ ನಿಘಂಟಿನ ಅರ್ಥವನ್ನು ಹೇಳದೆ, ಹಡ್ಲು ಎಂದೆವು. ತರಗತಿಯ ಬೆನ್ನು ನೆಟ್ಟಗಾಯಿತು. ಮೊಣಕಾಲವರೆಗೆ ಹೂತುಹೋಗುವ ಹಡ್ಲುಗದ್ದೆಯನ್ನೂ, ಅದರಲ್ಲಿ ಸಿಕ್ಕಿಕೊಂಡ ದನವನ್ನು ಹಗ್ಗ ಹಾಕಿ ಎಳೆದುದನ್ನೂ ಕಾಣದವರು ಅಲ್ಲಿ ಯಾರೂ ಇರಲಿಲ್ಲ. ಈ ಕಥೆ ನಿಮ್ಮ ಊರಿನಲ್ಲಿ ನಡೆದಿದ್ದರೆ ಹೇಗೆ ಹೇಳುತ್ತಿದ್ದಿರೆಂದು ಕೇಳಿದೆವು. ಗೋರಿಯ ಪ್ರಶ್ನೆ ಕೇಳಿದ್ದ ಆ ಹುಡುಗಿಯೇ ಎದ್ದು ನಿಂತಳು.

ಅವಳ ಕಥೆಯು ಅಜ್ಜನ ಕಾಲದ್ದು. ೧೯೭೨ರ ಕಾನೂನು ಬಂದು ಕಾಡುಮೃಗಗಳ ಬೇಟೆ ನಿಲ್ಲುವುದಕ್ಕೆ ಮುಂಚಿನದು. ಬೆಂಗಳೂರಿನಿಂದ ಒಬ್ಬ ದೊಡ್ಡ ಆಫೀಸರು ಹವಾ ಬದಲಾವಣೆಗೆಂದು ಬಂದು ಗೌಡರ ಮನೆಯ ಜಗುಲಿಯಲ್ಲಿ ಕುಳಿತಿದ್ದಾರೆ. ಮೊಮ್ಮಗಳು ಕಾಫಿ ತಂದಿಟ್ಟು, ಹಿತ್ತಲ ಬಾಗಿಲನ್ನು ತೋರಿಸಿ, ಹಂದಿಬೇಟೆಗೆ ಹೋಗಿ ಹಡ್ಲಿನಲ್ಲಿ ಹೂತುಹೋದ ಅಜ್ಜ ಮತ್ತು ಚಿಕ್ಕಪ್ಪಂದಿರ ಕಥೆಯನ್ನು ಹೇಳುತ್ತಾಳೆ. ಅಜ್ಜಿ ಪ್ರತಿದಿನ ಅವರಿಗೂ ಎಲೆ ಹಾಕುತ್ತಾಳಂತೆ. ಹೊರಗೆ ಮಂಜು ಇಳಿಯುತ್ತದೆ. ಅಜ್ಜಿಯು ಒಳಗಿನಿಂದ ಬಂದು ನಿಜವಾಗಿಯೂ ಮೂರು ಎಲೆ ಹಾಕುತ್ತಾಳೆ. ಮಂಜಿನಲ್ಲಿ ಕೋವಿ ಹೊತ್ತ ಮೂರು ಆಕಾರಗಳು, ಮುಂದೊಂದು ನಾಯಿ. ಆಫೀಸರು ಚಪ್ಪಲಿಯನ್ನೂ ಮರೆತು ಓಡುತ್ತಾರೆ. ಅಜ್ಜ ಬಂದವನೇ, "ಯಾರೇ ಅದು ಓಡಿದ್ದು?" ಎಂದು ಕೇಳುತ್ತಾನೆ.

"ಅಯ್ಯೋ ಪಾಪ, ಅಜ್ಜಯ್ಯ," ಎಂದಳಂತೆ ಮೊಮ್ಮಗಳು, "ಓದೋಕೆ ಅಂತ ಲಂಡನ್ನಿಗೆ ಹೋಗಿದ್ರಂತೆ. ಅಲ್ಲಿ ಯಾವುದೋ ಹೊಳೆ ದಂಡೇಲಿ ನಾಯಿಗಳು ಅಟ್ಟಿಸ್ಕೊಂಡು ಬಂದು, ಆಗತಾನೆ ತೋಡಿದ್ದ ಗುಂಡೀಲಿ ರಾತ್ರಿಯೆಲ್ಲ ಕೂತಿದ್ರಂತೆ. ಆ ದೇಶದಲ್ಲಿ ನಾಯಿಗಳು ಹಂಗೇ ಅಂತೆ."

ತರಗತಿಯ ನಗೆ ಪಕ್ಕದ ಕೋಣೆಗೂ ಕೇಳಿಸಿ, ಅಲ್ಲಿ ಪಾಠ ಹೇಳುತ್ತಿದ್ದ ಅರ್ಥಶಾಸ್ತ್ರದ ಮಿತ್ರರು ಬಾಗಿಲಿಗೆ ಬಂದು ಇಣಿಕಿ ನೋಡಿದರು.